ವೈಫೈ ಟ್ಯಾಬ್ ಸಾಕಾ, ಸಿಮ್ ಇರುವುದೇ ಬೇಕಾ?

ಮನೆ ಸೋಮವಾರಪೇಟೆ ಕಡೆ ತೋಟದೊಳಗೆ, ಮಗಳ ಓದಿಗೆ ಯಾವ ಟ್ಯಾಬ್ ತಗೊಳ್ಳಲಿ ಅಂತ ಕೇಳಿದ್ದೀರಿ. ವೈಫೈ ಮಾದರಿಯೇ ಸಾಕು.

2025ರ ಎ16 ಚಿಪ್‌ನ ಐಪ್ಯಾಡ್ ನೋಡಿ. ಬಿಡುಗಡೆಯಾದಾಗ 128 ಜಿಬಿಯ ವೈಫೈ ಮಾದರಿಗೆ 34,900 ರೂಪಾಯಿ, ಸಿಮ್ ಇರುವ ಸೆಲ್ಯುಲಾರ್ ಮಾದರಿಗೆ 49,900. ಪರದೆ, ಚಿಪ್ ಎರಡೂ ಒಂದೇ. ಹೆಚ್ಚಿಗೆ ಸಿಗುವುದು ಮೊಬೈಲ್ ನೆಟ್‌ವರ್ಕ್ ಹಿಡಿಯುವ ಮೋಡೆಮ್ ಮತ್ತು ಇರುವ ಜಾಗ ತೋರಿಸುವ ಜಿಪಿಎಸ್. ಅದಕ್ಕೆ 15,000 ತುಂಬಾ ಜಾಸ್ತಿ, ಮೇಲೆ ಬೇರೆ ರೀಚಾರ್ಜ್ ಕೂಡ. ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದಲ್ವಾ?

ಮುಖ್ಯವಾದ ವಿಷಯ ಇದು: ಮನೆಯಲ್ಲಿ ಟವರ್ ಸಿಗ್ನಲ್ಲೇ ಇಲ್ಲದಿದ್ದರೆ ಸೆಲ್ಯುಲಾರ್ ಟ್ಯಾಬ್ ಕೂಡ ಸುಮ್ನೆ ಕೂರುತ್ತದೆ. ನಮ್ಮ ಕೊಡಗಿನಲ್ಲಿ ಗುಡ್ಡದ ಒಂದು ಬದಿ ನೆಟ್‌ವರ್ಕ್ ಇದ್ದರೆ ಇನ್ನೊಂದು ಬದಿ ಇರುವುದಿಲ್ಲ. ಉಳಿದ ದುಡ್ಡನ್ನು ಫೈಬರ್ ಸಂಪರ್ಕಕ್ಕೆ ಹಾಕಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಇರಲಿ.

ತೋಟದ ನಕ್ಷೆ ಮಾಡುವುದಿದ್ದರೆ ಮಾತ್ರ ಲೆಕ್ಕ ಬೇರೆ. ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಇಲ್ಲ. ಆಂಡ್ರಾಯ್ಡ್ ವೈಫೈ ಟ್ಯಾಬ್‌ಗಳಲ್ಲಿ ಹಲವಕ್ಕೆ ಇರುತ್ತದೆ, ವಿವರ ನೋಡಿಯೇ ಕೊಳ್ಳಿ.

ಬರೀ ಪುಸ್ತಕ ಓದಲಿಕ್ಕಾದರೆ ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನ ಕಿಂಡಲ್ ಸಾಕು. ಈಗಿನವು ವೈಫೈ ಮಾತ್ರ. ಪುಸ್ತಕ ಒಮ್ಮೆ ಇಳಿಸಿಕೊಂಡರೆ ಮತ್ತೆ ನೆಟ್ ಬೇಡ.