ದಂಡ ಓನರ್‌ಗೆ ತಾನೇ, ನನಗೇನು ಅಂತ ಕೇಳಿದ್ದೀಯಲ್ಲ, ಅದಕ್ಕೆ

ತಮ್ಮಾ, ನಿನ್ನ ಮೆಸೇಜ್ ನಿನ್ನೆ ರಾತ್ರಿ ಓದಿದೆ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಮೂರು ವಾರ ಆಯಿತು, ಎಂಎಸ್ಸಿ ಕ್ಲಾಸು ಶುರುವಾಗಿದೆ, ದಾವಣಗೆರೆಯಲ್ಲಿ ಅಪ್ಪ ಮನೆ ಪತ್ರ ಅಡ ಇಟ್ಟು ಸಾಲ ತೆಗೆದಿದ್ದಾರೆ, ಇಲ್ಲಿ ರೂಮಿನ ಬಾಡಿಗೆ ನೆನೆಸಿಕೊಂಡರೆ ನಿದ್ದೆ ಬರಲ್ಲ ಅಂತ ಬರೆದಿದ್ದೀಯ. ಒಬ್ಬ ರೆಸ್ಟೋರೆಂಟ್ ಓನರ್ ವಾರಕ್ಕೆ 35 ಗಂಟೆ ಕೆಲಸ, ಗಂಟೆಗೆ 7 ಪೌಂಡ್ ಕ್ಯಾಶ್ ಕೊಡ್ತೀನಿ ಅಂದಿದ್ದಾರೆ. ನನ್ನ ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ಮಾತ್ರ ಅಂತ ಇದೆಯಲ್ಲ ಅಂದರೆ, "ಸಿಕ್ಕಿಬಿದ್ದರೆ ದಂಡ ಕಟ್ಟೋನು ನಾನು, ನಿಂಗ್ಯಾಕೆ ಭಯ" ಅಂದರಂತೆ. "ಅಕ್ಕ, ದಂಡ ಓನರ್‌ಗೆ ತಾನೇ? ನನಗೇನೂ ಆಗಲ್ಲ ಅಲ್ವಾ?" ಅಂತ ಕೇಳಿದ್ದೀಯ.

ಹೋಗಬೇಡ. ಮೊದಲು ಇಷ್ಟು ಹೇಳಿಬಿಡುತ್ತೇನೆ. ಯಾಕೆ ಅನ್ನೋದನ್ನು ಕೂತು ಓದು, ಸ್ವಲ್ಪ ಉದ್ದ ಆಗುತ್ತೆ.

ಹತ್ತು ವರ್ಷದಿಂದ ನಾನು ಇಲ್ಲಿನ ಸಣ್ಣ ಅಂಗಡಿ, ರೆಸ್ಟೋರೆಂಟ್‌ಗಳಿಗೆ ಸಂಬಳದ ಲೆಕ್ಕ ಬರೆದು ಕೊಡುತ್ತೇನೆ. ಹಾಗಾಗಿ ಈ ದಂಡದ ವಿಷಯ ನನಗೆ ದಿನಾ ಎದುರಾಗೋದೇ. ನಿನ್ನ ಓನರ್ ಹೇಳಿದ್ದರಲ್ಲಿ ಅರ್ಧ ನಿಜ. ಕೆಲಸ ಮಾಡುವ ಹಕ್ಕಿಲ್ಲದವರನ್ನು ಇಟ್ಟುಕೊಂಡರೆ, ಇಲ್ಲವೇ ನಿನ್ನ ಹಾಗೆ ಮಿತಿ ಇರುವವರನ್ನು ಮಿತಿ ಮೀರಿ ದುಡಿಸಿಕೊಂಡರೆ, ಮಾಲೀಕರಿಗೆ ದಂಡ ಹಾಕುವ ಈಗಿನ ಪದ್ಧತಿ 2006ರ ಕಾನೂನಿನಲ್ಲಿ ಬಂತು, 2008ರಿಂದ ಜಾರಿಗೆ ಬಂತು. ಶುರುವಿನಲ್ಲಿ ಒಬ್ಬ ಕೆಲಸಗಾರನಿಗೆ 10,000 ಪೌಂಡ್‌ವರೆಗೆ ಇತ್ತು. ಆಮೇಲೆ 20,000 ಮಾಡಿದರು. 2024ರ ಫೆಬ್ರವರಿ 13ರಿಂದ ಮೊದಲ ಸಲ ಸಿಕ್ಕಿಬಿದ್ದರೆ ತಲೆಗೆ 45,000, ಮತ್ತೆ ಸಿಕ್ಕಿಬಿದ್ದರೆ 60,000 ಪೌಂಡ್‌ವರೆಗೆ. ಗೊತ್ತಿದ್ದೂ ಇಟ್ಟುಕೊಂಡಿದ್ದರು ಅಂತ ಸಾಬೀತಾದರೆ ಐದು ವರ್ಷದವರೆಗೆ ಜೈಲು. ಅಂಗಡಿಯನ್ನು 48 ಗಂಟೆವರೆಗೆ ಮುಚ್ಚಿಸಬಹುದು. ದಂಡ ಬಿದ್ದವರ ಹೆಸರನ್ನು ಹೋಮ್ ಆಫೀಸ್, ಅಂದರೆ ಇಲ್ಲಿನ ಗೃಹ ಇಲಾಖೆ, ಮೂರು ತಿಂಗಳಿಗೊಮ್ಮೆ ಪಟ್ಟಿ ಮಾಡಿ ಹಾಕುತ್ತೆ. ಸಣ್ಣ ರೆಸ್ಟೋರೆಂಟ್ ನಡೆಸುವವರಿಗೆ 45,000 ಅಂದರೆ ಸುಮ್ನೆ ಮಾತಲ್ಲ. ಇಬ್ಬರು ಸಿಕ್ಕಿದರೆ ಬಾಗಿಲು ಹಾಕಬೇಕಾಗುತ್ತೆ.

ಆದರೆ ಆ ದಂಡ ಹೇಗೆ ಕಡಿಮೆ ಆಗುತ್ತೆ ಅಂತ ನಿನಗೆ ಯಾರೂ ಹೇಳಿರಲ್ಲ. ಇದನ್ನು ಗಮನ ಇಟ್ಟು ಓದು. "ಇವನ ಮೇಲೆ ನನಗೆ ಅನುಮಾನ ಇದೆ" ಅಂತ ಓನರ್ ಮೊದಲೇ ಹೋಮ್ ಆಫೀಸ್‌ಗೆ ತಿಳಿಸಿದ್ದರೆ 5,000 ಕಡಿತ. ಅಧಿಕಾರಿಗಳು ಬಂದಾಗ ಕೇಳಿದ ದಾಖಲೆ ಕೊಟ್ಟು, ಗೊತ್ತಿದ್ದಿದ್ದೆಲ್ಲ ಹೇಳಿ ಸಹಕರಿಸಿದರೆ ಇನ್ನೊಂದು 5,000 ಕಡಿತ. ಮೊದಲ ಸಲ ಆದರೆ, 21 ದಿನದೊಳಗೆ ಕಟ್ಟಿದರೆ ಉಳಿದದ್ದರಲ್ಲಿ ಶೇಕಡಾ 30 ಕಡಿತ. ಅಲ್ಲಿಗೆ 45,000 ಇದ್ದದ್ದು 24,500ಕ್ಕೆ ಬಂತು. ಮೊದಲೇ ತಿಳಿಸಿದ್ದು, ಸಹಕರಿಸಿದ್ದು, ಈ ಎರಡರ ಜೊತೆಗೆ ಉಳಿದ ಕೆಲಸಗಾರರ ಕಾಗದ ಪತ್ರವನ್ನೆಲ್ಲ ಸರಿಯಾಗಿ ನೋಡುವ ರೂಢಿ ಇದೆ ಅಂತ ತೋರಿಸಿದರೆ ಬರೀ ಎಚ್ಚರಿಕೆಯ ಪತ್ರದಲ್ಲೇ ಮುಗಿಯಬಹುದು. ಅಂದರೆ ಓನರ್ ತನ್ನ ದಂಡ ಇಳಿಸಿಕೊಳ್ಳುವ ದಾರಿ ನಿನ್ನನ್ನು ಬಿಟ್ಟುಕೊಡುವ ದಾರಿಯೇ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕಷ್ಟ ಬಂದ ದಿನ ಅವರಿಗೂ ಹೆಂಡತಿ ಮಕ್ಕಳು, ಅಂಗಡಿಯ ಸಾಲ ಕಣ್ಣ ಮುಂದೆ ಬರುತ್ತೆ, ನಿನ್ನೆ ಮೊನ್ನೆ ಬಂದ ಹುಡುಗ ಬರಲ್ಲ. ನಿನಗೆ ಮಾತ್ರ ಯಾವ ಕಡಿತವೂ ಇಲ್ಲ. ಷರತ್ತು ಮುರಿದಿದ್ದಕ್ಕೆ ವೀಸಾ ರದ್ದು ಮಾಡಬಹುದು. 2016ರಿಂದ ಹಕ್ಕಿಲ್ಲದೆ ಕೆಲಸ ಮಾಡೋದೇ ಅಪರಾಧ, ಹಾಗೆ ದುಡಿದ ಸಂಬಳವನ್ನೂ ಅಪರಾಧದ ಹಣ ಅಂತ ವಶಕ್ಕೆ ತೆಗೆದುಕೊಳ್ಳಬಹುದು.

ನಾನು ಇಲ್ಲಿಗೆ ಬಂದಿದ್ದು 2009ರಲ್ಲಿ, ನಿನ್ನ ಹಾಗೆಯೇ ಸ್ಟೂಡೆಂಟ್ ವೀಸಾದಲ್ಲಿ. ಆಗ ಪೇಪರ್ ತುಂಬಾ ಒಂದೇ ಸುದ್ದಿ. ಪೆಟ್ರೀಷಿಯಾ ಸ್ಕಾಟ್ಲೆಂಡ್ ಅಂತ, ಈ ದೇಶದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಅತಿ ದೊಡ್ಡ ವಕೀಲೆ. ಅವರ ಮನೆಕೆಲಸಕ್ಕೆ ಇದ್ದ ಟೋಂಗಾ ದೇಶದ ಹೆಂಗಸಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಈ ದಂಡದ ಕಾನೂನು ಬಂದಾಗ ಇವರೇ ಹೋಮ್ ಆಫೀಸ್‌ನಲ್ಲಿ ಮಂತ್ರಿ ಆಗಿದ್ದವರು. ದಾಖಲೆಗಳ ನಕಲು ಇಟ್ಟುಕೊಂಡಿರಲಿಲ್ಲ ಅಂತ 5,000 ಪೌಂಡ್ ದಂಡ ಬಿತ್ತು. ಕ್ಷಮೆ ಕೇಳಿದರು, ಹುದ್ದೆಯಲ್ಲಿ ಮುಂದುವರಿದರು. ಆ ಹೆಂಗಸಿಗೆ ಏನಾಯಿತು ಗೊತ್ತಾ? ವೀಸಾ ಮುಗಿದ ಮೇಲೂ ವರ್ಷಗಟ್ಟಲೆ ಉಳಿದದ್ದು, ಪಾಸ್‌ಪೋರ್ಟ್‌ನಲ್ಲಿ ಸುಳ್ಳು ಮುದ್ರೆ ಇಟ್ಟುಕೊಂಡದ್ದು ಎಲ್ಲ ಸೇರಿ 2010ರಲ್ಲಿ 8 ತಿಂಗಳ ಜೈಲು ಶಿಕ್ಷೆ. ಅವಳೂ ಬಂದಿದ್ದು ಸ್ಟೂಡೆಂಟ್ ವೀಸಾದಲ್ಲೇ. ಸುಳ್ಳು ಮುದ್ರೆ ಅವಳ ತಪ್ಪು, ನಿನ್ನ ವಿಷಯ ಅಷ್ಟು ದೂರ ಹೋಗಿಲ್ಲ, ನಿಜ. ಆದರೂ ಒಂದೇ ಮನೆ, ಒಂದೇ ಕೆಲಸ, ಇಬ್ಬರಿಗೂ ಸಿಕ್ಕಿದ್ದು ಏನು ಅಂತ ನೋಡು.

ಪೇಪರ್ ಸುದ್ದಿ ಪಕ್ಕಕ್ಕಿರಲಿ, ನಾನೇ ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ. ಆಗ ನಾನು ಒಂದು ರೆಸ್ಟೋರೆಂಟ್‌ನಲ್ಲಿ ಶುಕ್ರವಾರ, ಶನಿವಾರ ಪಾತ್ರೆ ತೊಳೆಯುತ್ತಿದ್ದೆ. ಹದಿನಾರು ಗಂಟೆ, ಪೇಸ್ಲಿಪ್ ಇತ್ತು. ತಂದೂರಿಯಲ್ಲಿ ಪಂಜಾಬಿನ ಕಡೆಯ ಒಬ್ಬರು ಇದ್ದರು, ನಲವತ್ತರ ಮೇಲೆ ವಯಸ್ಸು. ವೀಸಾ ಯಾವತ್ತೋ ಮುಗಿದಿತ್ತು. ರೆಸ್ಟೋರೆಂಟ್ ಮೇಲಿನ ರೂಮಿನಲ್ಲೇ ವಾಸ. ಸಂಬಳ ಅಂತ ಕೈಗೆ ಬರ್ತಾ ಇದ್ದದ್ದು ಸ್ವಲ್ಪ, ಉಳಿದದ್ದನ್ನು ಓನರ್ ಒಂದು ನೀಲಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು, "ಊರಿಗೆ ಹೋಗುವಾಗ ಒಟ್ಟಿಗೆ ಕೊಡ್ತೀನಿ" ಅಂತ. ನನಗೆ ರಾತ್ರಿ ಊಟಕ್ಕೆ ಬಿಸಿ ರೊಟ್ಟಿ ತೆಗೆದಿಡುತ್ತಿದ್ದರು, ಮಗಳ ಥರ ನೋಡಿಕೊಳ್ಳುತ್ತಿದ್ದರು. ಒಂದು ಶುಕ್ರವಾರ ಸಂಜೆ, ಇನ್ನೂ ಗಿರಾಕಿಗಳು ಬಂದಿರಲಿಲ್ಲ, ಅಧಿಕಾರಿಗಳು ಬಂದರು. ಇಬ್ಬರು ಮುಂದಿನ ಬಾಗಿಲಲ್ಲಿ ಬಂದರೆ ಇನ್ನಿಬ್ಬರು ಆಗಲೇ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ನನ್ನ ಕಾಗದ ಪತ್ರ ನೋಡಿದರು, ಎಷ್ಟು ಗಂಟೆ ಕೆಲಸ ಅಂತ ಕೇಳಿದರು, ಬಿಟ್ಟರು. ಆ ಅಣ್ಣನ ಹೆಸರು ಕೇಳಿದಾಗ ಓನರ್ ಮುಂದೆ ಬಂದು, "ಇವನು ಇವತ್ತೇ ಟ್ರಯಲ್‌ಗೆ ಬಂದವನು, ನನಗೆ ಗೊತ್ತಿಲ್ಲ" ಅಂದುಬಿಟ್ಟರು. ಎರಡು ವರ್ಷದಿಂದ ಅಲ್ಲೇ ಇದ್ದವರು ಅವರು. ಆ ಅಣ್ಣ ಒಂದು ಮಾತೂ ಆಡಲಿಲ್ಲ. ಕೈ ತೊಳೆದುಕೊಳ್ಳಲು ಬಿಡಿ ಅಂತ ಕೇಳಿದರು. ನನ್ನ ಪಕ್ಕದ ನಲ್ಲಿಯಲ್ಲೇ ತೊಳೆದರು, ಉಗುರಿನ ಸಂದಿಯ ಹಿಟ್ಟು ಹೋಗಲೇ ಇಲ್ಲ, ಹಾಗೆಯೇ ಹೊರಟರು.

ಭಾನುವಾರ ರೆಸ್ಟೋರೆಂಟ್ ತೆರೆದಿತ್ತು. ಅವರ ದುಡ್ಡು ಊರಿಗೆ ಕಳಿಸ್ತೀರಾ ಅಂತ ನಾನು ಕೇಳಿದಾಗ ಓನರ್ "ಯಾವ ದುಡ್ಡು?" ಅಂದರು. ಆ ನೀಲಿ ನೋಟ್‌ಬುಕ್ ಮತ್ತೆ ಕಾಣಲಿಲ್ಲ. ತಿಂಗಳೊಳಗೆ ಕೆಲಸ ಬಿಟ್ಟೆ. ಆದರೆ ಅಧಿಕಾರಿಗಳ ಮುಂದೆ "ಇವರು ಎರಡು ವರ್ಷದಿಂದ ಇಲ್ಲಿದ್ದಾರೆ, ಇವರಿಗೆ ಸಂಬಳ ಬಾಕಿ ಇದೆ" ಅಂತ ನಾನು ಹೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತೆ.

ಸಂಬಳ ಕೊಡದಿದ್ದರೆ ಕೋರ್ಟಿಗೆ ಹೋಗಬಹುದಲ್ಲ ಅಂತ ನೀನು ಕೇಳಬಹುದು. ಕೆಲವು ಸಲ ಆಗುತ್ತೆ. ಮಲಾವಿ ದೇಶದಿಂದ ಕರೆತಂದ ಮನೆಕೆಲಸದ ಹೆಂಗಸೊಬ್ಬರು ವಾರದ ಏಳೂ ದಿನ ದುಡಿದು, ಸಂಬಳ ಜಾಸ್ತಿ ಕೇಳಿದ್ದಕ್ಕೆ ಹೊರಗೆ ಹಾಕಿಸಿಕೊಂಡರು. ಅವರ ವೀಸಾ ಮುಗಿದಿತ್ತು. 2019ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಯಾಕೆ ಅಂದರೆ ವೀಸಾ ಕೆಲಸವೆಲ್ಲ ಮಾಲೀಕರ ಕೈಯಲ್ಲಿತ್ತು, ಮುಗಿದಿದೆ ಅಂತ ಆ ಹೆಂಗಸಿಗೆ ಗೊತ್ತೇ ಇರಲಿಲ್ಲ. ನೀನು ಹಾಗೆ ಹೇಳಲು ಆಗುತ್ತಾ? 20 ಗಂಟೆ ಅಂತ ಓನರ್‌ಗೆ ನೀನೇ ಹೇಳಿದ್ದೀಯ.

ಈಗ ದುಡ್ಡಿನ ಲೆಕ್ಕಕ್ಕೆ ಬಾ. 35 ಗಂಟೆಗೆ 7 ಪೌಂಡ್‌ನಂತೆ ವಾರಕ್ಕೆ 245. ಇಲ್ಲಿ 21 ವರ್ಷ ತುಂಬಿದವರಿಗೆ ಕೊಡಲೇಬೇಕಾದ ಕನಿಷ್ಠ ಕೂಲಿ 2026ರ ಏಪ್ರಿಲ್‌ನಿಂದ ಗಂಟೆಗೆ 12.71. ನಿನ್ನ 20 ಗಂಟೆಗೆ 254 ಪೌಂಡ್ 20 ಪೆನ್ಸ್. ಕಾನೂನು ಪ್ರಕಾರ 20 ಗಂಟೆ ಮಾಡಿದರೆ ಆ 35 ಗಂಟೆಗಿಂತ ಒಂದಿಷ್ಟು ಜಾಸ್ತಿಯೇ ಬರುತ್ತೆ ತಮ್ಮಾ! ವರ್ಷಕ್ಕೆ 12,570 ಪೌಂಡ್‌ವರೆಗೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಸಂಬಳದಲ್ಲಿ ಕಡಿತ ತೀರಾ ಕಡಿಮೆ. ಮೇಲೆ ರಜೆಯ ಸಂಬಳವೂ ಇದೆ. ಆ ಓನರ್ ನಿನಗೆ ಉಪಕಾರ ಮಾಡುತ್ತಿಲ್ಲ, ಹದಿನೈದು ಗಂಟೆ ಬಿಟ್ಟಿ ದುಡಿಸಿಕೊಳ್ಳುತ್ತಿದ್ದಾರೆ. ಕೆಲವರು ಇನ್ನೊಂದು ಥರ ಮಾಡುತ್ತಾರೆ, 20 ಗಂಟೆಗೆ ಪೇಸ್ಲಿಪ್, ಉಳಿದದ್ದಕ್ಕೆ ಕ್ಯಾಶ್. ಅದೂ ಅಷ್ಟೇ. ಗೋಡೆ ಮೇಲಿನ ರೋಟಾ (ಯಾರಿಗೆ ಯಾವ ಹೊತ್ತು ಕೆಲಸ ಅನ್ನೋ ಪಟ್ಟಿ), ಸಿಸಿಟಿವಿ, ಜೊತೆಗಿರುವವರ ಒಂದು ಮಾತು, ಇಷ್ಟು ಸಾಕು ಗೊತ್ತಾಗಲು.

ಆ 20 ಗಂಟೆಯಲ್ಲೂ ಹುಷಾರಾಗಿರು. ವಾರ ಅಂದರೆ ಸೋಮವಾರದಿಂದ ಭಾನುವಾರ. ಈ ವಾರ 10, ಮುಂದಿನ ವಾರ 30, ಸರಾಸರಿ 20 ಅನ್ನೋ ಲೆಕ್ಕ ನಡೆಯಲ್ಲ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 20. ನಮ್ಮ ಹುಡುಗರು ಜಾಸ್ತಿ ಎಡವೋದು ಬೇಸಿಗೆಯಲ್ಲಿ. ಜೂನ್‌ನಲ್ಲಿ ಕ್ಲಾಸು ಮುಗಿಯಿತು, ಡಿಗ್ರಿ ಓದೋರಿಗೆಲ್ಲ ರಜ, ಇನ್ನು ಫುಲ್ ಟೈಮ್ ಮಾಡಬಹುದು ಅಂದುಕೊಳ್ಳುತ್ತಾರೆ. ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಡಿಸರ್ಟೇಶನ್, ಅಂದರೆ ಕೊನೆಯ ದೊಡ್ಡ ಪ್ರಬಂಧ, ಬರೆಯುವ ಆ ತಿಂಗಳುಗಳು ರಜ ಅಲ್ಲ, ಓದಿನ ಅವಧಿಯೇ. ಕೋರ್ಸ್ ಮುಗಿಯುವ ದಿನಾಂಕದವರೆಗೂ 20 ಗಂಟೆಯೇ. ನಿನ್ನ ಯೂನಿವರ್ಸಿಟಿಯಿಂದ ದಿನಾಂಕಗಳ ಪತ್ರ ತೆಗೆದುಕೊಂಡು ಫೋನಿನಲ್ಲಿ ಇಟ್ಟುಕೋ.

ರೂಮ್‌ಮೇಟ್‌ನ ಫುಡ್ ಡೆಲಿವರಿ ಅಕೌಂಟ್‌ನಲ್ಲಿ ಸೈಕಲ್ ಓಡಿಸಲಾ ಅಂತಲೂ ಕೊನೆಗೆ ಒಂದು ಸಾಲು ಹಾಕಿದ್ದೀಯ. ಅದಂತೂ ಒಂದು ಗಂಟೆಯೂ ಬೇಡ. ಆ ಕೆಲಸವನ್ನು ಸ್ವಂತ ಉದ್ಯೋಗ ಅಂತ ಲೆಕ್ಕ ಹಾಕುತ್ತಾರೆ, ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವೇ ಇಲ್ಲ. ಬೇರೆಯವರ ಅಕೌಂಟ್ ಬಾಡಿಗೆಗೆ ಹಿಡಿಯುವವರ ಮೇಲೆ ಈಗ ಕಣ್ಣಿಟ್ಟಿದ್ದಾರೆ, ಕಂಪನಿಗಳೇ ನಡುನಡುವೆ ಮುಖದ ಫೋಟೋ ಕೇಳುತ್ತವೆ.

ಹಾಗಾದರೆ ಸರಿಯಾದ ಕೆಲಸ ಅಂತ ಹೇಗೆ ಗುರುತಿಸೋದು? ಸುಲಭ. ಮೊದಲ ದಿನಕ್ಕಿಂತ ಮುಂಚೆ ನಿನ್ನ ಹತ್ತಿರ ಶೇರ್ ಕೋಡ್, ಅಂದರೆ ನಿನಗೆ ಕೆಲಸದ ಹಕ್ಕಿದೆ ಅಂತ ತೋರಿಸುವ ಕೋಡು, ಕೇಳಬೇಕು. ಸರ್ಕಾರದ ವೆಬ್‌ಸೈಟಿನಲ್ಲಿ ನಿನ್ನ ಇ-ವೀಸಾಗೆ ಲಾಗಿನ್ ಆದರೆ ಸಿಗುತ್ತೆ, ಕೆಲಸದ ಕೋಡು ಡಬ್ಲ್ಯೂ ಅಕ್ಷರದಿಂದ ಶುರುವಾಗುತ್ತೆ, 90 ದಿನ ನಡೆಯುತ್ತೆ. ಅದನ್ನೂ ನಿನ್ನ ಹುಟ್ಟಿದ ದಿನವನ್ನೂ ಹಾಕಿದರೆ ಓನರ್‌ಗೆ ನಿನ್ನ ಫೋಟೋ, ಎಷ್ಟು ಗಂಟೆ ಮಾಡಬಹುದು ಎಲ್ಲ ಕಾಣುತ್ತೆ. ಆ ಪುಟವನ್ನೂ ನಿನ್ನ ಟರ್ಮ್ ದಿನಾಂಕದ ಪತ್ರವನ್ನೂ ಅವರು ಫೈಲ್‌ನಲ್ಲಿ ಇಟ್ಟುಕೊಂಡು, ಮಿತಿಯೊಳಗೆ ಕೆಲಸ ಕೊಟ್ಟರೆ ಅವರಿಗೆ ದಂಡದ ಭಯವಿಲ್ಲ. ಐದು ನಿಮಿಷದ ಕೆಲಸ. ಇಷ್ಟೂ ಕೇಳದ ಓನರ್‌ಗೆ ನೀನು ಯಾವ ಕಾಗದದಲ್ಲೂ ಇರೋದು ಬೇಕಿಲ್ಲ ಅಂತ ಅರ್ಥ. ಇನ್ನೊಂದು, ದಂಡ ಇಷ್ಟು ಏರಿದ ಮೇಲೆ ಕೆಲವರು ಹೆದರಿ, ನಮ್ಮ ಮುಖ ನೋಡಿಯೇ ಬೇಡ ಅಂದುಬಿಡುತ್ತಾರೆ. ಬಣ್ಣ, ದೇಶ ನೋಡಿ ಹಾಗೆ ಮಾಡೋದು ಕಾನೂನಿಗೆ ವಿರುದ್ಧ. ಈ ದಂಡ ಏರಿಸಿದವರು ಅದನ್ನೂ ಯೋಚಿಸಬೇಕಿತ್ತು ಅಂತ ನನಗೆ ಬೇಸರ ಇದೆ, ಕಾಗದ ಪತ್ರ ಸರಿ ಇದ್ದವರೂ ಅನುಮಾನ ಹೊರಬೇಕಾಗಿದೆ.

ನಿನ್ನನ್ನು ಕರೆದ ಆ ರೆಸ್ಟೋರೆಂಟ್‌ಗೆ ಈಗಾಗಲೇ ನಾಲ್ಕು ದಿನ ಹೋಗಿ ಬಂದಿದ್ದರೆ ನನಗೆ ಮುಚ್ಚಿಡಬೇಡ. ಯಾವ ದಿನ ಎಷ್ಟು ಗಂಟೆ, ಎಷ್ಟು ಕೊಟ್ಟರು ಅಂತ ಬರೆದಿಟ್ಟುಕೋ, ಹೋಗೋದು ನಿಲ್ಲಿಸು, ಸೋಮವಾರ ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವವರ ಹತ್ತಿರ ಹೋಗು. ವೀಸಾ ನಿಯಮದ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೆಲಸಕ್ಕೆ ಯೂನಿವರ್ಸಿಟಿಯ ಕೆರಿಯರ್ಸ್ ವಿಭಾಗ ನೋಡು, ಲೈಬ್ರರಿ, ಕ್ಯಾಂಟೀನ್ ಕೆಲಸಗಳು ಅಲ್ಲೇ ಬರುತ್ತವೆ. ಸೂಪರ್‌ಮಾರ್ಕೆಟ್‌ಗಳು, ವೇರ್‌ಹೌಸ್‌ಗಳು ಅಕ್ಟೋಬರ್ ಹೊತ್ತಿಗೆ ಕ್ರಿಸ್‌ಮಸ್‌ಗೆ ಅಂತ ಜನ ತೆಗೆದುಕೊಳ್ಳಲು ಶುರು ಮಾಡುತ್ತಾರೆ, ಈಗಲೇ ಅರ್ಜಿ ಹಾಕು. ಹತ್ತು ಕಡೆ ಹಾಕಿದರೆ ಒಂಬತ್ತು ಕಡೆ ಉತ್ತರವೇ ಬರಲ್ಲ, ನನಗೂ ಹಾಗೇ ಆಗಿತ್ತು, ಎರಡು ತಿಂಗಳು ಹಿಡಿಯಿತು. ನಿನ್ನ ಸಿವಿ ಕಳಿಸು, ಇಲ್ಲಿನ ರೀತಿಗೆ ತಿದ್ದಿ ಕೊಡುತ್ತೇನೆ. ಭಾನುವಾರ ಮನೆಗೇ ಬಾ. ಮಧ್ಯಾಹ್ನಕ್ಕೆ ಬೆಣ್ಣೆ ದೋಸೆ ಮಾಡುತ್ತೇನೆ, ನಿಮ್ಮೂರಿನಷ್ಟು ಚೆನ್ನಾಗಿ ಬರಲ್ಲ, ಆದರೂ ಬಾ. ಲ್ಯಾಪ್‌ಟಾಪ್ ತರೋದು ಮರೆಯಬೇಡ, ಶೇರ್ ಕೋಡ್ ತೆಗೆಯೋದನ್ನು ಕೂತು ಒಟ್ಟಿಗೆ ನೋಡೋಣ.