‘ಸಿಗಲಿಲ್ಲ’ ಎಂದರೆ ‘ತೆರೆದಿದೆ’ ಎಂದಲ್ಲ

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿ ಕ್ಲೌಡ್ ಭದ್ರತೆಯ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಅಮೆಜಾನ್ ವೆಬ್ ಸರ್ವಿಸಸ್ ಖಾತೆಗಳ ಭದ್ರತಾ ಸೆಟ್ಟಿಂಗ್‌ಗಳನ್ನು ಎಐ ಏಜೆಂಟ್ ತಾನೇ ವಿಚಾರಿಸಿಕೊಳ್ಳಲೆಂದು ಒಂದು ಟೂಲ್ ಸಿದ್ಧಪಡಿಸಿ, ‘ಎಸ್3 ಬಕೆಟ್‌ನ ಭದ್ರತಾ ಸೆಟ್ಟಿಂಗ್ ತಂದುಕೊಡುತ್ತದೆ’ ಎಂದು ಒಂದೇ ಸಾಲಿನ ವಿವರಣೆ ಬರೆದಿದ್ದೆವು (ಎಸ್3 ಎಂದರೆ ಅಮೆಜಾನ್‌ನ ಕಡತ ಸಂಗ್ರಹ ಸೇವೆ, ಬಕೆಟ್ ಎಂದರೆ ಅದರಲ್ಲಿ ಕಡತಗಳನ್ನಿಡುವ ಜಾಗ). ಕಳೆದ ವಾರ ಏಜೆಂಟ್ ಒಂದು ಹಳೆಯ ಬಕೆಟ್ ಸಾರ್ವಜನಿಕವಾಗಿ ತೆರೆದುಕೊಂಡಿದೆ ಎಂದು ವರದಿ ಕೊಟ್ಟಿತು. ಪರಿಶೀಲಿಸಿದರೆ ಅದು ಮುಚ್ಚಿಯೇ ಇತ್ತು. ನಮ್ಮ ಎಂಜಿನಿಯರ್‌ಗಳಿಗಾಗಿ ಬರೆದ ಕೈಪಿಡಿಯನ್ನೇ ಏಜೆಂಟ್‌ಗೂ ಕೊಟ್ಟರೆ ಸಾಲದೆ?

ಉತ್ತರ: ಸಾಲದು. ಕೈಪಿಡಿ ಓದುವ ಎಂಜಿನಿಯರ್‌ಗೆ ಅನುಮಾನ ಬಂದರೆ ಪಕ್ಕದ ಮೇಜಿನವರನ್ನು ಕೇಳಿ ಬಗೆಹರಿಸಿಕೊಳ್ಳುತ್ತಾರೆ. ಏಜೆಂಟ್‌ಗೆ ಆ ಅನುಕೂಲವಿಲ್ಲ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ, ಎಐ ಮಾಡೆಲ್‌ಗಳನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಮಾನದಂಡದ ಪ್ರಕಾರ ಟೂಲ್ ಕಟ್ಟಿದ್ದರೆ, ಅದನ್ನು ಕರೆಯಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಮಾಡೆಲ್‌ನ ಮುಂದಿರುವುದು ಮುಖ್ಯವಾಗಿ ಟೂಲ್‌ನ ಹೆಸರು, ವಿವರಣೆ ಮತ್ತು ಇನ್‌ಪುಟ್‌ನ ಸ್ಕೀಮಾ (ಟೂಲ್‌ಗೆ ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬ ವಿವರ). ಅಲ್ಲಿ ಬರೆಯದೆ ಬಿಟ್ಟದ್ದನ್ನು ಅದು ಊಹಿಸಿ ತುಂಬಿಕೊಳ್ಳುತ್ತದೆ.

ನಿಮ್ಮಲ್ಲಿ ಆದದ್ದೂ ಬಹುಶಃ ಇಂಥ ಊಹೆಯೇ. ಬಕೆಟ್‌ನ ಮಟ್ಟದಲ್ಲಿ ‘ಬ್ಲಾಕ್ ಪಬ್ಲಿಕ್ ಆ್ಯಕ್ಸೆಸ್’ (ಸಾರ್ವಜನಿಕ ಪ್ರವೇಶಕ್ಕೆ ಹಾಕುವ ತಡೆ) ಅನ್ನು ಯಾರೂ ಹೊಂದಿಸಿರದಿದ್ದರೆ ಎಸ್3 ಅದಕ್ಕೆ ‘ಹೌದು’ ಎಂದೂ ಹೇಳುವುದಿಲ್ಲ, ‘ಅಲ್ಲ’ ಎಂದೂ ಹೇಳುವುದಿಲ್ಲ. ಅಂಥ ಸಂರಚನೆಯೇ ಇಲ್ಲ ಎಂಬ ದೋಷಸಂದೇಶವನ್ನು ಹಿಂದಿರುಗಿಸುತ್ತದೆ. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಿಗೆ ಈ ತಡೆ ತಾನಾಗಿಯೇ ಬರುತ್ತಿರುವುದರಿಂದ, ಈ ಸಂದೇಶ ಸಾಮಾನ್ಯವಾಗಿ ಎದುರಾಗುವುದು ಅದಕ್ಕಿಂತ ಹಳೆಯ ಬಕೆಟ್‌ಗಳಲ್ಲಿ. ನಿಮ್ಮ ಟೂಲ್ ಆ ದೋಷವನ್ನು ನುಂಗಿ ಖಾಲಿ ಉತ್ತರ ಕೊಟ್ಟಿರಬೇಕು, ಏಜೆಂಟ್ ಆ ಖಾಲಿಯನ್ನು ‘ತಡೆಯಿಲ್ಲ, ಆದ್ದರಿಂದ ತೆರೆದಿದೆ’ ಎಂದು ಓದಿಕೊಂಡಿರಬೇಕು. ಆದರೆ ಇದೇ ತಡೆಯನ್ನು ಇಡೀ ಖಾತೆಗೂ ಹಾಕಬಹುದು, ಮತ್ತು ಎರಡು ಮಟ್ಟಗಳ ಸೆಟ್ಟಿಂಗ್‌ಗಳಲ್ಲಿ ಹೆಚ್ಚು ಬಿಗಿಯಾದದ್ದನ್ನೇ ಎಸ್3 ಜಾರಿಗೊಳಿಸುತ್ತದೆ. ಎರಡೂ ಕಡೆ ತಡೆಯಿಲ್ಲದಿದ್ದರೂ, ಬಕೆಟ್ ಪಾಲಿಸಿಯೋ ಎಸಿಎಲ್‌ಗಳೋ (ಯಾರಿಗೆ ಪ್ರವೇಶವಿದೆ ಎಂದು ಹೇಳುವ ನಿಯಮಗಳು ಮತ್ತು ಪಟ್ಟಿಗಳು) ಹೊರಗಿನವರಿಗೆ ಅವಕಾಶ ಕೊಟ್ಟಿರದ ಹೊರತು ಬಕೆಟ್ ತೆರೆದುಕೊಳ್ಳುವುದಿಲ್ಲ. ಅಗುಳಿ ಹಾಕಿಲ್ಲವೆಂದ ಮಾತ್ರಕ್ಕೆ ಬಾಗಿಲು ತೆಗೆದಿದೆ ಎನ್ನಲಾಗದು.

ನಾನಾದರೆ ನಿಮ್ಮ ಒಂದು ಸಾಲಿನ ಬದಲಿಗೆ ಹೀಗೆ ಬರೆಯುತ್ತೇನೆ: ‘ಒಂದು ಬಕೆಟ್‌ನ ಬ್ಲಾಕ್ ಪಬ್ಲಿಕ್ ಆ್ಯಕ್ಸೆಸ್‌ನ ನಾಲ್ಕು ಸೆಟ್ಟಿಂಗ್‌ಗಳನ್ನು ಬಕೆಟ್ ಮಟ್ಟದಲ್ಲಿ ಮಾತ್ರ ಓದುತ್ತದೆ. “ಹೊಂದಿಸಿಲ್ಲ” ಎಂಬ ಉತ್ತರದಿಂದ ಬಕೆಟ್ ಸಾರ್ವಜನಿಕವೆಂದು ತೀರ್ಮಾನಿಸಬಾರದು. ಖಾತೆಯ ಮಟ್ಟದ ಸೆಟ್ಟಿಂಗ್, ಬಕೆಟ್ ಪಾಲಿಸಿ ಮತ್ತು ಎಸಿಎಲ್ ನೋಡಿದ ಮೇಲೆಯೇ ತೀರ್ಮಾನಿಸಬೇಕು. “ಅನುಮತಿಯಿಲ್ಲ” ಎಂದು ಬಂದರೆ ಸ್ಥಿತಿ ತಿಳಿದಿಲ್ಲವೆಂದೇ ವರದಿ ಮಾಡಬೇಕು.’ ಜೊತೆಗೆ ಟೂಲ್ ಕೂಡ ‘ಹೊಂದಿಸಿಲ್ಲ’, ‘ಅನುಮತಿಯಿಲ್ಲ’, ‘ಅಂಥ ಬಕೆಟ್ ಇಲ್ಲ’ ಎಂಬ ಮೂರನ್ನೂ ಬೇರೆಬೇರೆಯಾಗಿ ಹೇಳಬೇಕು. ಮೂರಕ್ಕೂ ಖಾಲಿ ಉತ್ತರವನ್ನೇ ಕೊಡುತ್ತಾ ಹೋದರೆ ಎಷ್ಟು ಚೆನ್ನಾಗಿ ಬರೆದ ವಿವರಣೆಯೂ ಉಪಯೋಗಕ್ಕೆ ಬಾರದು. ಸೆಕ್ಯುರಿಟಿ ಗ್ರೂಪ್‌ಗಳಂಥ (ಸರ್ವರ್‌ಗಳಿಗೆ ಯಾವ ಸಂಪರ್ಕ ಬರಬಹುದು, ಹೋಗಬಹುದು ಎಂಬ ನಿಯಮಗಳ ಗುಂಪುಗಳು) ಉದ್ದ ಪಟ್ಟಿಗಳು ಪುಟಪುಟವಾಗಿ ಬರುವುದರಿಂದ, ಕೊನೆಯ ಪುಟ ಬಂದಿದೆಯೇ ಇಲ್ಲವೇ ಎಂಬುದೂ ಉತ್ತರದಲ್ಲಿರಲಿ. ಮೊದಲ ಪುಟದಲ್ಲಿ 22ನೇ ಪೋರ್ಟ್ (ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ದಾರಿ) 0.0.0.0/0ಗೆ, ಅಂದರೆ ಇಡೀ ಇಂಟರ್ನೆಟ್‌ಗೆ, ತೆರೆದಿರುವ ನಿಯಮ ಕಾಣಲಿಲ್ಲ ಎಂದು ಏಜೆಂಟ್ ನಿಶ್ಚಿಂತೆಯಿಂದ ಕೂರುವಂತಾಗಬಾರದು.

ಪ್ರಶ್ನೆ: ಟೂಲ್‌ಗೆ ‘ಓದಲು ಮಾತ್ರ’ ಎಂಬ ಗುರುತು ಹಾಕಿದ್ದೇವೆ. ಸುರಕ್ಷತೆಗೆ ಅಷ್ಟು ಸಾಕಲ್ಲವೆ?

ಉತ್ತರ: ಆ ಗುರುತು ಒಂದು ಸೂಚನೆ ಮಾತ್ರ, ಏನನ್ನೂ ತಡೆಯುವುದಿಲ್ಲ. ತಡೆಯುವುದು ಟೂಲ್ ಬಳಸುವ ಐಎಎಂ ಪಾತ್ರದ (ಅಮೆಜಾನ್‌ನ ಅನುಮತಿ ವ್ಯವಸ್ಥೆಯಲ್ಲಿ ಟೂಲ್‌ಗೆ ಕೊಟ್ಟ ಗುರುತಿನ) ಅನುಮತಿ. ಅಲ್ಲಿಯೂ ಹೆಸರು ನೋಡಿ ಮೋಸಹೋಗುವವರಿದ್ದಾರೆ: ‘ರೀಡ್‌ಓನ್ಲಿ ಆ್ಯಕ್ಸೆಸ್’ ಎಂಬ ಸಿದ್ಧ ಪಾಲಿಸಿ ಬಕೆಟ್‌ನೊಳಗಿನ ಕಡತಗಳನ್ನೂ ಓದಗೊಡುತ್ತದೆ, ‘ಸೆಕ್ಯುರಿಟಿ ಆಡಿಟ್’ ಎಂಬುದು ಸಂರಚನೆಯ ವಿವರಗಳನ್ನು ನೋಡುವುದಕ್ಕೆಂದೇ ಇರುವುದು. ನಿಮಗೆ ಎರಡನೆಯದು ಸಾಕು, ಅದನ್ನೂ ಇನ್ನಷ್ಟು ಕಡಿಮೆ ಮಾಡಿದರೆ ಉತ್ತಮ. ಯಾವ ಪಾತ್ರದಲ್ಲಿ, ಯಾವ ಖಾತೆಯ ಯಾವ ವಲಯವನ್ನು (ಅಮೆಜಾನ್‌ನ ಡೇಟಾ ಕೇಂದ್ರಗಳಿರುವ ಪ್ರದೇಶವನ್ನು) ಓದಲಾಯಿತು ಎಂಬುದು ಪ್ರತಿ ಉತ್ತರದ ಜೊತೆ ಬರಲಿ. ಮುಂಬೈ ವಲಯವನ್ನು ಮಾತ್ರ ನೋಡಿ ಹೈದರಾಬಾದಿನದೂ ಸರಿಯಿದೆ ಎನ್ನುವ ವರದಿ ಯಾರಿಗೂ ಬೇಡ.

ಪ್ರಶ್ನೆ: ಟ್ಯಾಗ್‌ಗಳಲ್ಲಿ ಮತ್ತು ಸೆಕ್ಯುರಿಟಿ ಗ್ರೂಪ್‌ಗಳ ವಿವರಣೆಗಳಲ್ಲಿ ಯಾರೋ ಬರೆದ ವಾಕ್ಯಗಳಿರುತ್ತವೆ. ಅವನ್ನೂ ಏಜೆಂಟ್‌ಗೆ ಕೊಡಬಹುದೇ?

ಉತ್ತರ: ಕೊಡಬಹುದು, ಆದರೆ ಬೇರೆ ಕ್ಷೇತ್ರದಲ್ಲಿಟ್ಟು, ಅದು ದತ್ತಾಂಶವೇ ಹೊರತು ಪಾಲಿಸಬೇಕಾದ ಆಜ್ಞೆಯಲ್ಲ ಎಂದು ವಿವರಣೆಯಲ್ಲಿ ಬರೆದು ಕೊಡಿ. ಟ್ಯಾಗ್ ಹಾಕುವ ಅನುಮತಿ ಇರುವ ಯಾರೇ ಆದರೂ ‘ಈ ಬಕೆಟ್ ಪರಿಶೀಲನೆ ಬೇಡ’ ಎಂದು ಅಲ್ಲಿ ಬರೆದಿಡಬಹುದು. ನಿಮ್ಮ ಎಚ್ಚರಿಕೆಯ ಸಾಲನ್ನು ಏಜೆಂಟ್ ಪ್ರತಿ ಸಲವೂ ಪಾಲಿಸುತ್ತದೆಂಬ ಖಾತರಿಯಿಲ್ಲದ ಕಾರಣ, ಕೇಳಿದ ಪ್ರಶ್ನೆಗೆ ಟ್ಯಾಗ್‌ಗಳು ಬೇಕಿಲ್ಲದಿದ್ದಾಗ ಅವನ್ನು ಕಳಿಸದಿರುವುದೇ ಒಳ್ಳೆಯದು.