ಸೂಜಿ ಪರೀಕ್ಷೆಗೆ ಅಂಜಿ ದಿನ ಕಳೆಯಬೇಡಿ

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನನ್ನ ಮಗನಿಗೆ 15 ವರ್ಷ. ಯುಗಾದಿಯ ಹೊತ್ತಿಗೆ ಖೋ ಖೋ ಆಡುವಾಗ ಬಿದ್ದ ಮೇಲೆ ಎಡ ಮೊಣಕಾಲಿನ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಉಳುಕಿರಬೇಕೆಂದು ಎಲುಬು ಕಟ್ಟುವವರ ಬಳಿ ಮೂರು ವಾರ ಎಣ್ಣೆ ತಿಕ್ಕಿಸಿ ಪಟ್ಟಿ ಕಟ್ಟಿಸಿದೆವು. ಬಾವು ಹೆಚ್ಚುತ್ತಲೇ ಹೋಯಿತು; ಈಗ ರಾತ್ರಿ ನೋವಿಗೆ ಎದ್ದು ಕೂರುತ್ತಾನೆ. ಬಾಗಲಕೋಟೆಯಲ್ಲಿ ಎಕ್ಸ್‌ರೇ, ಎಂಆರ್‌ಐ ನೋಡಿದ ವೈದ್ಯರು ಎಲುಬಿನ ಕ್ಯಾನ್ಸರ್ ಇರಬಹುದು, ಬಯಾಪ್ಸಿ (ಸೂಜಿಯಿಂದ ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಆಗಬೇಕು ಎಂದರು. ಸೂಜಿ ತಾಗಿದರೆ ಗಡ್ಡೆ ಕೆರಳಿ ಮೈಗೆಲ್ಲ ಹಬ್ಬುತ್ತದೆ, ಕೊನೆಗೆ ಕಾಲನ್ನೇ ಕತ್ತರಿಸುತ್ತಾರೆ ಎಂದು ನಮ್ಮ ಮಾವನವರು ಬೇಡವೆನ್ನುತ್ತಿದ್ದಾರೆ. ಬಿದ್ದದ್ದರಿಂದಲೇ ಹೀಗಾಯಿತೇ? ಏನು ಮಾಡಲಿ?
— ಓದುಗರೊಬ್ಬರು, ಜಮಖಂಡಿ ತಾಲ್ಲೂಕು

ಉತ್ತರ: ತಾಯಿ, ಬಿದ್ದದ್ದರಿಂದ ಕ್ಯಾನ್ಸರ್ ಬರುವುದಿಲ್ಲ, ಪೆಟ್ಟು ಬಿದ್ದಾಗ ಅಲ್ಲಿಗೆ ನಮ್ಮ ಗಮನ ಹರಿಯುತ್ತದೆ, ಅಷ್ಟೇ. ಆದ್ದರಿಂದ ಮಗನನ್ನು ಆಟಕ್ಕೆ ಕಳಿಸಿದ್ದೇ ತಪ್ಪಾಯಿತೆಂಬ ಕೊರಗನ್ನು ಮೊದಲು ಬಿಡಿ.

ನೀವು ಕಳಿಸಿದ ಎಕ್ಸ್‌ರೇಯಲ್ಲಿ ತೊಡೆಯೆಲುಬಿನ ಕೆಳತುದಿಯ ಅಂಚು ಕದಡಿದೆ. ಅಲ್ಲಿಂದ ಹೊಸ ಎಲುಬಿನ ಸಣ್ಣ ಗೆರೆಗಳು ಸೂರ್ಯನ ಕಿರಣಗಳಂತೆ ಹೊರಚಾಚಿವೆ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ, ಅದರಲ್ಲೂ ಮೊಣಕಾಲಿನ ಸುತ್ತ ಹೆಚ್ಚಾಗಿ ಕಾಣುವ ಆಸ್ಟಿಯೋಸಾರ್ಕೋಮಾ ಎಂಬ ಕ್ಯಾನ್ಸರ್ ಹೀಗೆ ಕಾಣಿಸುವುದುಂಟು. ಆದರೂ ಚಿತ್ರ ನೋಡಿ ರೋಗದ ಹೆಸರು ಹೇಳಿಬಿಡುವುದು ಸರಿಯಲ್ಲ. ಎಲುಬಿನ ಸೋಂಕು ಕೂಡ ಕೆಲವೊಮ್ಮೆ ಇದೇ ವೇಷ ಹಾಕುತ್ತದೆ. ಯೂಯಿಂಗ್ ಸಾರ್ಕೋಮಾ ಎಂಬ ಇನ್ನೊಂದು ಕ್ಯಾನ್ಸರ್‌ಗೆ ಔಷಧವೂ ಬೇರೆ, ಅದು ವಿಕಿರಣಕ್ಕೆ ಬಗ್ಗುತ್ತದೆ, ಆಸ್ಟಿಯೋಸಾರ್ಕೋಮಾ ಅಷ್ಟಾಗಿ ಬಗ್ಗುವುದಿಲ್ಲ. ಈ ವ್ಯತ್ಯಾಸವನ್ನು ತಿಳಿಸಬಲ್ಲದ್ದು ಬಯಾಪ್ಸಿ ಒಂದೇ.

ಮಾವನವರ ಅಂಜಿಕೆಯಲ್ಲಿ ಒಂದೆಳೆ ನಿಜವಿದೆ, ಅದನ್ನು ಮುಚ್ಚಿಡುವುದಿಲ್ಲ. ಸೂಜಿ ತಾಗಿದ್ದರಿಂದ ಗಡ್ಡೆ ಮೈಗೆಲ್ಲ ಹಬ್ಬುವುದಿಲ್ಲ. ಆದರೆ ಸೂಜಿ ಹೋದ ದಾರಿಯಲ್ಲಿ ಗಡ್ಡೆಯ ಕೆಲವು ಕಣಗಳು ಉಳಿಯಬಹುದೆಂದು, ಮುಂದೆ ಶಸ್ತ್ರಚಿಕಿತ್ಸೆ ಮಾಡುವಾಗ ಆ ದಾರಿಯನ್ನೂ ಗಡ್ಡೆಯೊಂದಿಗೇ ತೆಗೆಯುತ್ತಾರೆ. ಹಾಗಾಗಿ ಕೊನೆಗೆ ಯಾರು ಶಸ್ತ್ರಚಿಕಿತ್ಸೆ ಮಾಡುವರೋ ಅವರ ತಂಡವೇ ಸೂಜಿ ಎಲ್ಲಿಂದ ಹೋಗಬೇಕೆಂದು ನಿರ್ಧರಿಸಬೇಕು. ಅಡ್ಡಾದಿಡ್ಡಿಯಾಗಿ ಕೊಯ್ದು ತೆಗೆದ ಬಯಾಪ್ಸಿಯಿಂದ ಉಳಿಯಬಹುದಾಗಿದ್ದ ಕಾಲನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಬೆಂಗಳೂರಿನ ಕಿದ್ವಾಯಿಯಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಎಲುಬಿನ ಕ್ಯಾನ್ಸರ್‌ಗೆ ಚಿಕಿತ್ಸೆಯಿದೆ. ನಿಮ್ಮ ಕಡೆಯವರಿಗೆ ಮೀರಜದಿಂದ ಮುಂಬಯಿಗೆ ರಾತ್ರಿಯ ರೈಲೂ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವು ಸಿಗುತ್ತದೆ. ಹೊರಡುವ ಮುನ್ನ ಕಾಗದಪತ್ರ ಜೋಡಿಸಿಕೊಳ್ಳಿ, ಎಕ್ಸ್‌ರೇ ಮತ್ತು ಎಂಆರ್‌ಐ ಫಿಲ್ಮುಗಳನ್ನು ಮರೆಯಬೇಡಿ.

ಆಸ್ಟಿಯೋಸಾರ್ಕೋಮಾ ಎಂದೇ ಖಚಿತವಾದರೆ, ಅದು ಮೊದಲು ಹಬ್ಬುವುದು ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಆದ್ದರಿಂದ ಎದೆಯ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಅನಂತರ ಎರಡು ಮೂರು ತಿಂಗಳು ಕೀಮೋಥೆರಪಿ, ಆಮೇಲೆ ಶಸ್ತ್ರಚಿಕಿತ್ಸೆ, ಮತ್ತೆ ಕೀಮೋಥೆರಪಿ. ಒಟ್ಟು ಆರರಿಂದ ಒಂಬತ್ತು ತಿಂಗಳ ಹಾದಿ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕೀಮೋ ಶುರುವಾಗುವ ಮೊದಲೇ ಮಗನ ವೀರ್ಯವನ್ನು ಸಂಗ್ರಹಿಸಿಡುವ ಬಗ್ಗೆ ನಾಚಿಕೆಪಡದೆ ಕೇಳಿ; ಮುಂದೆ ಅವನು ತಂದೆಯಾಗಬೇಕಲ್ಲವೇ?

ಕಾಲಿನ ಮಾತು. ಈಗ ಹೆಚ್ಚಿನವರಿಗೆ ಗಡ್ಡೆಯಿರುವ ಎಲುಬಿನ ಭಾಗವನ್ನಷ್ಟೇ ತೆಗೆದು, ಅಲ್ಲಿ ಲೋಹದ ಕೃತಕ ಕೀಲನ್ನು ಕೂರಿಸಿ ಕಾಲನ್ನು ಉಳಿಸುತ್ತಾರೆ. ರಕ್ತನಾಳ, ನರಗಳನ್ನು ಗಡ್ಡೆ ಪೂರ್ತಿ ಸುತ್ತಿಕೊಂಡಿದ್ದರೆ ಮಾತ್ರ ಕತ್ತರಿಸುವುದು ಅನಿವಾರ್ಯವಾಗಬಹುದು. 1970ರ ದಶಕಕ್ಕೆ ಮುಂಚೆ, ಕೀಮೋ ಇಲ್ಲದ ಕಾಲದಲ್ಲಿ, ಕಾಲು ಕತ್ತರಿಸಿದರೂ ನೂರರಲ್ಲಿ ಇಪ್ಪತ್ತು ಮಕ್ಕಳು ಉಳಿಯುತ್ತಿದ್ದರು. ಈಗ ರೋಗ ಬೇರೆಡೆಗೆ ಹಬ್ಬಿರದಿದ್ದರೆ, ಚಿಕಿತ್ಸೆ ಪೂರ್ತಿಯಾದವರಲ್ಲಿ ನೂರಕ್ಕೆ ಅರವತ್ತರಿಂದ ಎಪ್ಪತ್ತು ಮಂದಿ ಐದು ವರ್ಷ ದಾಟುತ್ತಾರೆ. ಮಾವನವರಿಗೆ ಈ ಲೆಕ್ಕವನ್ನು ಓದಿ ಹೇಳಿ.

ಅಲ್ಲಿಯವರೆಗೆ ಎಣ್ಣೆ ತಿಕ್ಕುವುದು, ಪಟ್ಟಿ ಬಿಗಿಯುವುದು ಖಂಡಿತ ಬೇಡ. ಆ ಕಾಲಿನ ಮೇಲೆ ಭಾರ ಬೀಳದಂತೆ ಊರುಗೋಲು ಕೊಡಿಸಿ. ಸವೆದ ಎಲುಬು ಮುರಿದರೆ ಕಾಲು ಉಳಿಸುವ ಕೆಲಸ ಕಠಿಣವಾಗುತ್ತದೆ. ಇದೇ ವಾರ ಹೊರಡಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆಯಾಗಿತ್ತು. ಈಗ ಬೆನ್ನೆಲುಬಿನಲ್ಲಿ ಕ್ಯಾನ್ಸರ್ ಇದೆ ಎನ್ನುತ್ತಾರೆ. ಇದು ಹೊಸ ರೋಗವೇ?
— ಓದುಗರೊಬ್ಬರು, ಇಂಡಿ

ಉತ್ತರ: ಬಹುಮಟ್ಟಿಗೆ ಇದು ಹಳೆಯ ಸ್ತನ ಕ್ಯಾನ್ಸರ್ ಎಲುಬಿಗೆ ಹಬ್ಬಿರುವುದು, ಹಿರಿಯರ ಎಲುಬಿನಲ್ಲಿ ಕಾಣುವ ಕ್ಯಾನ್ಸರ್ ಹೆಚ್ಚಾಗಿ ಹೀಗೆ ಬೇರೆಡೆಯಿಂದ ಬಂದದ್ದೇ ಆಗಿರುತ್ತದೆ. ಆದ್ದರಿಂದ ಔಷಧವೂ ಸ್ತನ ಕ್ಯಾನ್ಸರಿನದ್ದೇ. ನೋವಿಗೆ ಒಂದೇ ಬಾರಿ ಕೊಡುವ ವಿಕಿರಣ ಕೂಡ ಎಷ್ಟೋ ಜನರಿಗೆ ಆರಾಮ ಕೊಡುತ್ತದೆ, ಎಲುಬು ಗಟ್ಟಿಯಾಗಲು ಇಂಜೆಕ್ಷನ್‌ಗಳೂ ಇವೆ. ಅವರ ಕಾಲುಗಳಲ್ಲಿ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಮರುದಿನಕ್ಕೆ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ.